ಸೈವ್‌ನ ಸಾದ್‌ಬ್ ಅಂತ ಕರೆದ ಮೇಲೆ ಕೊಂಡ ಪುಸ್ತಕಗಳು

ಐರಿಷ್, ವೆಲ್ಷ್ ಥರದ ಸೆಲ್ಟಿಕ್ ಭಾಷೆಗಳ ಹೆಸರು, ಪುರಾಣ ತಿಳ್ಕೊಳ್ಳೋಕೆ ಯಾವ ಪುಸ್ತಕ ಅಂದ್ರೆ, ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಜೇಮ್ಸ್ ಮ್ಯಾಕಿಲಪ್ ಅವರ 'ಡಿಕ್ಷನರಿ ಆಫ್ ಸೆಲ್ಟಿಕ್ ಮೈಥಾಲಜಿ'ಗೆ. ಆಕ್ಸ್‌ಫರ್ಡ್‌ನವರದ್ದು, 1998ರಲ್ಲಿ ಬಂದಿದ್ದು. ಆದ್ರೆ ಅದನ್ನ ತಗೊಳ್ಳೋ ಮೊದಲು ಬೇರೆ ಕಡೆ ದುಡ್ಡು ಕಳ್ಕೊಂಡಿದ್ದೀನಿ, ಅದನ್ನೂ ಹೇಳ್ಬೇಕು.

ನಾವಿರೋದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಮಗಳ ಕ್ಲಾಸ್‌ನಲ್ಲಿ ಒಂದು ಹುಡುಗಿ ಬರ್ತ್‌ಡೇ, ಕಾರ್ಡ್ ಮೇಲೆ ಹೆಸರು ಎಸ್ ಎ ಡಿ ಎಚ್ ಬಿ ಎಚ್ ಅಂತಿತ್ತು. ನಾನು ಬಾಗಿಲಲ್ಲೇ ನಿಂತು ಗಿಫ್ಟ್ ಕೊಡ್ತಾ 'ಹ್ಯಾಪಿ ಬರ್ತ್‌ಡೇ ಸಾದ್‌ಬ್' ಅಂತ ಜೋರಾಗಿ ಅಂದೆ, ಆ ಮಗು ಹಿಂದೆ ತಿರುಗಿ ಇನ್ಯಾರೋ ಬಂದಿದ್ದಾರೆ ಅಂತ ನೋಡ್ತು, ನನ್ನ ಮಗಳು ತೋಳು ಜಗ್ಗಿ 'ಅಪ್ಪಾ, ಸೈವ್' ಅಂದ್ಲು. ಆರು ಅಕ್ಷರದಲ್ಲಿ ಎಸ್ ಒಂದೇ ನಾನು ಸರಿಯಾಗಿ ಹೇಳಿದ್ದು.

ಮಾರನೇ ದಿನಾನೇ ಅಂಗಡಿಗೆ ಹೋಗಿ ದಪ್ಪ, ನೈಸ್ ಪೇಪರಿನ, ಕಲರ್ ಕಲರ್ 'ಸೆಲ್ಟಿಕ್ ಹೆಸರುಗಳು' ಪುಸ್ತಕ ತಂದೆ, 22 ಯೂರೋ. ಯಾರದ್ದು ಅಂತ ಹೇಳಲ್ಲ ಬಿಡಿ. ಅದರ ಪ್ರಕಾರ ಶಿವಾನ್ ಪ್ರಾಚೀನ ಸೆಲ್ಟಿಕ್ ಹೆಸರು, ಫಿಯೋನಾ ಒಬ್ಬಳು ದೇವತೆ, ಸೀರ್ಷಾ ಸಾವಿರಾರು ವರ್ಷದ ಹೆಸರು. ನಿಜ ಏನಪ್ಪಾ ಅಂದ್ರೆ ಶಿವಾನ್ ಅನ್ನೋದು ನಾರ್ಮನ್ನರು ತಂದ ಫ್ರೆಂಚ್ ಹೆಸರು ಜೆಹಾನ್‌ನ ಐರಿಷ್ ರೂಪ, ಅವರು ಇಲ್ಲಿಗೆ ಬಂದಿದ್ದೇ 1169ರಲ್ಲಿ. ಫಿಯೋನಾ ಅಷ್ಟು ಹರಡಿದ್ದು 1890ರ ದಶಕದಲ್ಲಿ ವಿಲಿಯಂ ಶಾರ್ಪ್ ಅನ್ನೋ ಸ್ಕಾಟ್ಲೆಂಡಿನ ಗಂಡಸು ಫಿಯೋನಾ ಮೆಕ್ಲೌಡ್ ಅಂತ ಹೆಣ್ಣು ಹೆಸರಲ್ಲಿ ಬರೆದಾಗ. ಸೀರ್ಷಾ ಅಂದ್ರೆ ಸ್ವಾತಂತ್ರ್ಯ, ಹೆಸರಾಗಿ ಇಡೋಕೆ ಶುರುವಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ನಮ್ಮ ಕಡೆ ಮಗುಗೆ ಹೆಸರು ಹುಡುಕೋ ವೆಬ್‌ಸೈಟ್‌ಗಳಲ್ಲಿ ಬಾಯಿಗೆ ಬಂದಿದ್ದಕ್ಕೆಲ್ಲ 'ಸಂಸ್ಕೃತದಲ್ಲಿ ಬೆಳಕು' ಅಂತ ಅರ್ಥ ಕೊಟ್ಟಿರ್ತಾರಲ್ಲ, ಅದೇ ಜಾತಿ.

ಸರಿ, ಆಮೇಲೆ ಬುದ್ಧಿ ಬಂದು ಲೈಬ್ರರಿಯಿಂದ ಮೂರು ಪುಸ್ತಕ ತಂದು ಒಂದೊಂದು ತಿಂಗಳು ಇಟ್ಕೊಂಡೆ.

ಇಲ್ಲಿ ದೊಡ್ಡ ತಲೆನೋವು ಪುರಾಣ ಅರ್ಥ ಆಗೋದಲ್ಲ, ಹೆಸರು ಹುಡುಕೋದು. ಮಗಳು ಸ್ಕೂಲಲ್ಲಿ ಮೇವ್ ರಾಣಿ ಕಥೆ ಕೇಳ್ಕೊಂಡು ಬಂದ್ಲು. ಅದು ಟಾನ್ ಅಂತ, ಗಂಡ ಹೆಂಡತಿ ಹಾಸಿಗೇಲಿ ಮಲಗಿ ಯಾರ ಆಸ್ತಿ ಜಾಸ್ತಿ ಅಂತ ಲೆಕ್ಕ ಹಾಕಿ, ಗಂಡನ ಹತ್ರ ಇರೋ ಬಿಳಿ ಕೊಂಬಿನ ಗೂಳಿಗೆ ಸಮ ಆಗೋದು ತನ್ನ ಹತ್ರ ಇಲ್ಲ ಅಂತ ರಾಣಿ ಕೂಲಿ ಸೀಮೆಯ ಕಂದು ಗೂಳಿ ತರೋಕೆ ದಂಡು ಕಟ್ಕೊಂಡು ಹೋಗ್ತಾಳೆ, ಪಕ್ಕಾ ತುರುಗೋಳ್, ನಮ್ಮ ವೀರಗಲ್ಲುಗಳಲ್ಲಿ ಇರೋದೇ. ಈ ರಾಣಿ ಹೆಸರು ಹಳೇ ಐರಿಷ್‌ನಲ್ಲಿ ಎಂ ಇ ಡಿ ಬಿ. ಆಮೇಲೆ ಎಂ ಇ ಎ ಡಿ ಎಚ್ ಬಿ ಎಚ್. 1950ರ ದಶಕದ ಹೊತ್ತಿಗೆ ಸರ್ಕಾರ ಸ್ಪೆಲಿಂಗ್ ಸರಳ ಮಾಡಿದ ಮೇಲೆ ಎಂ ಇ ಎ ಬಿ ಎಚ್. ಇಂಗ್ಲಿಷ್‌ನಲ್ಲಿ ಎಂ ಎ ಇ ವಿ ಇ. ಒಂದೇ ಹೆಂಗಸು! ಬಿ ಪಕ್ಕ ಎಚ್ ಬಂದ್ರೆ ವ, ಹಳೇ ಲಿಪಿಯಲ್ಲಿ ಎಚ್ ಬದ್ಲು ಅಕ್ಷರದ ತಲೆ ಮೇಲೊಂದು ಚುಕ್ಕೆ ಇಡ್ತಿದ್ರಂತೆ. ನಮ್ಮಲ್ಲಿ ವನ ಹೋಗಿ ಬನ ಆಯ್ತು, ಇವರಲ್ಲಿ ಬ ಹೋಗಿ ವ.

ವೆಲ್ಷ್ ಇನ್ನೂ ಮಜಾ. ಫೆರ್ರಿ ಹತ್ತಿ ವೇಲ್ಸ್‌ಗೆ ಹೋದಾಗ ಹಾರ್ಲೆಕ್ ಕೋಟೆ ಹತ್ರ ಒಂದು ಪ್ರತಿಮೆ ನೋಡಿದ್ವಿ, ಸತ್ತ ಸೋದರಳಿಯನ್ನ ಕುದುರೆ ಮೇಲೆ ಹೊತ್ಕೊಂಡಿರೋ ರಾಜ, ಹೆಸರು ಬೆಂಡಿಗೈಡ್‌ವ್ರಾನ್. ಬೆಂಡಿಗೈಡ್ ಅಂದ್ರೆ ಪುಣ್ಯವಂತ ಅಂತ ಗೊತ್ತಾಯ್ತು, ವೆಲ್ಷ್ ಸ್ಪೆಲಿಂಗ್ ಪ್ರಕಾರ ವ ಅಂದ್ರೆ ಎಫ್, ಹಾಗಾಗಿ ಉಳಿದಿದ್ದನ್ನ ಎಫ್ ಅಕ್ಷರದಲ್ಲಿ ಹುಡುಕ್ತಾ ಕೂತೆ. ಸಿಗಲ್ಲ. ಯಾಕಂದ್ರೆ ಅವನು ಬ್ರಾನ್, ಅಂದ್ರೆ ಕಾಗೆ ಜಾತಿ ಹಕ್ಕಿ, ಮುಂದೆ ಒಂದು ಪದ ಸೇರಿದ್ದಕ್ಕೆ ಬ ಹೋಗಿ ವ ಆಗಿದ್ದಾನೆ. ಇದು ನಮ್ಮ ಆದೇಶ ಸಂಧಿನೇ ಅಲ್ವಾ ಸ್ವಾಮಿ! ಬೆಳ್ಪು ಹೋಗಿ ಕಡುವೆಳ್ಪು ಆದ ಹಾಗೆ. ವೆಲ್ಷ್‌ನಲ್ಲಿ ಕ ತ ಪ ಕೂಡ ಗ ದ ಬ ಆಗುತ್ತೆ, ತಾಡ್ ಅಂದ್ರೆ ಅಪ್ಪ, 'ನಿನ್ನಪ್ಪ' ಅನ್ನೋಕೆ ಡ ಡಾಡ್. ಹೈಸ್ಕೂಲಲ್ಲಿ ಮಳೆಗಾಲ, ಬೆಟ್ಟದಾವರೆ ಅಂತ ಉರು ಹೊಡೆದಿದ್ದು ಇಷ್ಟು ವರ್ಷ ಆದ್ಮೇಲೆ ಉಪಯೋಗಕ್ಕೆ ಬಂತು. ಹೊಸಗನ್ನಡ ಅನ್ನೋ ಪದ ನೋಡಿ ನಿಘಂಟಿನಲ್ಲಿ 'ಗನ್ನಡ' ಹುಡುಕೋನ ಗತಿ ನಂದಾಗಿತ್ತು.

ಮ್ಯಾಕಿಲಪ್ ಗೆಲ್ಲೋದು ಇಲ್ಲೇ. ಎಂಟ್ರಿ ಶುರುವಲ್ಲೇ ಬೇರೆ ಬೇರೆ ಸ್ಪೆಲಿಂಗ್ ಸಾಲಾಗಿ ಕೊಟ್ಟಿದ್ದಾರೆ, ಐರಿಷ್ ಪುರಾಣದ ವೀರ ಕೂಹುಲಿನ್ ಹೆಸರಿಗಂತೂ ದೊಡ್ಡ ಸಾಲೇ ಇದೆ. ಐರಿಷ್, ವೆಲ್ಷ್, ಸ್ಕಾಟಿಷ್, ಬ್ರೆಟನ್, ಮ್ಯಾಂಕ್ಸ್, ಕಾರ್ನಿಷ್ ಎಲ್ಲ ಒಂದೇ ಕಡೆ. ಒಂದು ಎಂಟ್ರಿಯಿಂದ ಇನ್ನೊಂದಕ್ಕೆ ಹಾರ್ತಾ ಹೋದ್ರೆ ರಾತ್ರಿ ಹನ್ನೊಂದಾಗುತ್ತೆ, ಅದೊಂದೇ ತೊಂದರೆ. ಚಿತ್ರ ಬೇಕು ಅನ್ನೋರಿಗೆ ಅಲ್ಲ, ಮಗಳು ಒಂದು ಸಲ ತೆಗೆದು ನೋಡಿ ಮುಚ್ಚಿಟ್ಲು.

ಚಿತ್ರ ಬೇಕಾದ್ರೆ ಮಿರಾಂಡಾ ಗ್ರೀನ್ ಅವರ 'ಡಿಕ್ಷನರಿ ಆಫ್ ಸೆಲ್ಟಿಕ್ ಮಿತ್ ಅಂಡ್ ಲೆಜೆಂಡ್', 1992ರದ್ದು. ಅವರು ಪುರಾತತ್ವದವರು, ಹಾಗಾಗಿ ಕಲ್ಲು, ಕಂಚು, ಶಾಸನದ ಕಡೆ ವಾಲಿದೆ. ಅಣ್ಣ ವಾಟ್ಸಾಪ್‌ನಲ್ಲಿ ಕಳಿಸ್ತಾನೇ ಇರ್ತಾನೆ, ಕೊಂಬಿನ ದೇವರು ಚಕ್ಕಂಬಕ್ಕಳ ಹಾಕಿ ಕೂತಿರೋ ಬೆಳ್ಳಿ ಪಾತ್ರೆ, 'ನೋಡು ನಮ್ಮ ಪಶುಪತಿ' ಅಂತ. ಅದು 1891ರಲ್ಲಿ ಡೆನ್ಮಾರ್ಕಿನ ಗುಂಡೆಸ್ಟ್ರಪ್‌ನ ಜೌಗಿನಲ್ಲಿ ಸಿಕ್ಕಿದ್ದು, ಅದರ ಮೇಲೆ ದೇವರ ಹೆಸರೇ ಇಲ್ಲ. ಆ ಕೊಂಬಿನ ದೇವರಿಗೆ ಈಗ ಹೇಳೋ ಕೆರ್ನುನೋಸ್ ಅನ್ನೋ ಹೆಸರು ಬಂದಿರೋದು ಪ್ಯಾರಿಸ್‌ನ ದೋಣಿಯವರು ರೋಮನ್ ಚಕ್ರವರ್ತಿ ಟೈಬೀರಿಯಸ್ ಕಾಲದಲ್ಲಿ ನಿಲ್ಲಿಸಿದ ಕಂಬದಿಂದ. ಇಂಥದ್ದಕ್ಕೆ ಗ್ರೀನ್ ಚೆನ್ನಾಗಿದೆ, ನನ್ನ ಮಗಳ ಕ್ಲಾಸ್‌ಮೇಟ್ ಹೆಸರಿಗೆ ಅಲ್ಲ.

ಬರೀ ಹೆಸರಿಗೆ ಅಂದ್ರೆ ಡೊನ್ನಖಾ ಓ ಕೊರಾನ್ ಮತ್ತು ಫಿಡೆಲ್ಮಾ ಮಗ್ವೈರ್ ಸೇರಿ ಬರೆದಿದ್ದು. ಚಿಕ್ಕ ಪುಸ್ತಕ, ಹಳೇ ರೂಪ, ಈಗಿನ ರೂಪ ಪಕ್ಕಪಕ್ಕ, ಹೇಗೆ ಹೇಳ್ಬೇಕು ಅಂತಾನೂ ಇದೆ. ಒಂದು ಎಚ್ಚರ, 1981ರಲ್ಲಿ 'ಗೇಲಿಕ್ ಪರ್ಸನಲ್ ನೇಮ್ಸ್' ಅಂತ ಬಂದಿದ್ದೇ 1990ರಲ್ಲಿ 'ಐರಿಷ್ ನೇಮ್ಸ್' ಅಂತ ಬಂದಿದೆ, ನಾನು ಬೇರೆ ಬೇರೆ ಅಂದ್ಕೊಂಡು ಎರಡೂ ಆರ್ಡರ್ ಮಾಡೋದ್ರಲ್ಲಿದ್ದೆ.

ರೋಲ್ಸ್‌ಟನ್ 1911ರಲ್ಲಿ ಬರೆದ ಸೆಲ್ಟಿಕ್ ಪುರಾಣ ಕಥೆಗಳ ಪುಸ್ತಕ ನೆಟ್‌ನಲ್ಲಿ ಫ್ರೀ, ಕಥೆ ಓದೋಕೆ ಓಕೆ.

ಕೊನೆಗೆ ಮ್ಯಾಕಿಲಪ್ ಸೆಕೆಂಡ್ ಹ್ಯಾಂಡ್ 9 ಯೂರೋಗೆ ಸಿಕ್ತು, ಬೆನ್ನು ಸ್ವಲ್ಪ ಬಿಟ್ಟಿದೆ, ಒಳಗೆ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ, ಪರವಾಗಿಲ್ಲ. ಓ ಕೊರಾನ್ ಲೈಬ್ರರೀಲಿ ಇದ್ದೇ ಇರುತ್ತೆ, ಕ್ಲಾಸ್ ಲಿಸ್ಟ್ ಬಂದಾಗ ವರ್ಷಕ್ಕೊಂದ್ಸಲ ತಂದ್ರೆ ಸಾಕು. ಮಕ್ಕಳಿಗೆ ಹೆಸರಿಡೋದಿದ್ರೆ ನೀವು ಉಲ್ಟಾ ಮಾಡಿ, ಓ ಕೊರಾನ್ ಕೊಂಡು ಮ್ಯಾಕಿಲಪ್ ಲೈಬ್ರರಿಯಿಂದ ತನ್ನಿ. ನಮ್ಮನೇಲಿ ಹೆಸರಿಡೋ ಕಾರ್ಯಕ್ರಮ ಮುಗಿದಿದೆ.

ಬರೋ ಶನಿವಾರ ಇನ್ನೊಂದು ಬರ್ತ್‌ಡೇ, ಹುಡುಗ, ಟಿ ಎ ಡಿ ಎಚ್ ಜಿ. ಟೈಗ್, ಅರ್ಥ ಕವಿ. ಮೂರು ದಿನದಿಂದ ಕಾರಲ್ಲಿ ಒಬ್ನೇ ಹೇಳ್ಕೊಂಡು ಹೋಗ್ತಿದ್ದೀನಿ.