ಕುರಿಹಿಂಡಿಗೆ ಟಿ-ಬೀಮ್: ಬ್ಯಾಟರಿ ತಿನ್ನುವುದು ರೇಡಿಯೋ ಅಲ್ಲ

ಗಂಗಾವತಿ, ಸಿಂಧನೂರು ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ತರುಬುವವರ ಹಿಂಡು ಇವತ್ತು ಈ ಊರಲ್ಲಿದ್ದರೆ ನಾಳೆ ಆ ಊರಲ್ಲಿ. ಮುಂದಾಳು ಟಗರಿನ ಕೊರಳಿಗೆ ಟ್ರ್ಯಾಕರ್ ಕಟ್ಟಬೇಕು ಅಂದುಕೊಂಡವರು ಮೊದಲು ಹುಡುಕುವ ಬೋರ್ಡು ಲಿಲಿಗೋ ಟಿ-ಬೀಮ್. ಇಎಸ್‌ಪಿ32 ಪ್ರೊಸೆಸರ್, ಕಡಿಮೆ ಕರೆಂಟಿನಲ್ಲಿ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೋ, ಜಿಪಿಎಸ್, 18650 ಬ್ಯಾಟರಿ ಸೆಲ್‌ನ ಗೂಡು ಎಲ್ಲವೂ ಒಂದೇ ಹಲಗೆಯ ಮೇಲಿವೆ. ಇಲ್ಲಿ ಹೇಳುತ್ತಿರುವುದು ಎಸ್‌ಎಕ್ಸ್1262 ರೇಡಿಯೋ, ನಿಯೋ-6ಎಂ ಜಿಪಿಎಸ್ ಇರುವ 1.2 ಆವೃತ್ತಿಯ ವಿಚಾರ. ಕೊಳ್ಳುವಾಗ 868 ಮೆಗಾಹರ್ಟ್ಸ್‌ನದೇ ಕೇಳಿ. ನಮ್ಮಲ್ಲಿ ಲೈಸೆನ್ಸ್ ಬೇಡದ ಪಟ್ಟಿ 865ರಿಂದ 868. 915ರ ಆಂಟೆನಾ ಅದಕ್ಕೆ ಕೂಡಿಬರುವುದಿಲ್ಲ.

ಮಾದರಿ ಪ್ರೋಗ್ರಾಮನ್ನು ಹಾಗೇ ಓಡಿಸಿದರೆ ಪ್ರೊಸೆಸರ್, ಜಿಪಿಎಸ್, ರೇಡಿಯೋ ಮೂರೂ ಎಚ್ಚರವಿದ್ದು ಸುಮಾರು 100 ಮಿಲಿಆಂಪ್ ಎಳೆಯುತ್ತವೆ. 3000 ಎಂಎಎಚ್ ಸೆಲ್ 30 ಗಂಟೆಗೆ ಖಾಲಿ. ಆಗ ಎಲ್ಲರೂ ಮೊದಲು ಕೈ ಹಾಕುವುದು ರೇಡಿಯೋದ ಪವರ್ ಇಳಿಸಲು. ಅದು ತಪ್ಪು ಜಾಗ.

ಲೆಕ್ಕ ನೋಡಿ. ಅತಿ ಹೆಚ್ಚಿನ ಪವರ್ ಆದ 22 ಡಿಬಿಎಂನಲ್ಲಿ ರೇಡಿಯೋ 118 ಮಿಲಿಆಂಪ್ ಎಳೆಯುತ್ತದೆ, ನಿಜ. ಆದರೆ ಎಸ್‌ಎಫ್7ನಲ್ಲಿ (ಎಸ್‌ಎಫ್ ಅಂದರೆ ಲೋರಾದ ವೇಗದ ಮಟ್ಟ: 7 ವೇಗ, 12 ನಿಧಾನ ಆದರೆ ಹೆಚ್ಚು ದೂರ) 5 ಬೈಟ್ ಕಳಿಸಲು ಬೇಕಾದದ್ದು ಬರೀ 51 ಮಿಲಿಸೆಕೆಂಡ್. ಜಿಪಿಎಸ್ 45 ಮಿಲಿಆಂಪ್, ಕಾಯುತ್ತ ಕೂತ ಪ್ರೊಸೆಸರ್ 40 ಮಿಲಿಆಂಪ್. ಹಿಂದಿನ ಮಾಹಿತಿ ಏನೂ ಇಲ್ಲದ ತಣ್ಣಗಿನ ಸ್ಥಿತಿಯಿಂದ ಉಪಗ್ರಹ ಹುಡುಕಲು 30 ಸೆಕೆಂಡ್ ಹಿಡಿದರೆ ಒಂದು ಸಲಕ್ಕೆ 0.71 ಎಂಎಎಚ್. 15 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 68. ರೇಡಿಯೋದ ಪಾಲು ಇದರ ಮುಂದೆ ಚಿಲ್ಲರೆ.

ಹಾಗಂತ ಎರಡು ಸಂದೇಶಗಳ ನಡುವೆ ಬೋರ್ಡು ನಿದ್ರೆಗೆ ಹೋಗುವಾಗ ಜಿಪಿಎಸ್‌ನ ಕರೆಂಟ್ ಪೂರ್ತಿ ಕಿತ್ತುಹಾಕಬೇಡಿ. ಬೋರ್ಡಿಗೆ ಕರೆಂಟ್ ಹಂಚುವ ಎಎಕ್ಸ್‌ಪಿ2101 ಚಿಪ್‌ನಲ್ಲಿ ಜಿಪಿಎಸ್‌ನ ಮುಖ್ಯ ದಾರಿ ಎಎಲ್‌ಡಿಒ3 ಆಫ್ ಮಾಡಿ, ಅದರ ನೆನಪು ಉಳಿಸುವ ವಿ-ಬ್ಯಾಕಪ್ ಮಾತ್ರ ಆನ್ ಇರಲಿ. ಗಡಿಯಾರ, ಉಪಗ್ರಹಗಳ ಪಥದ ಮಾಹಿತಿ ಅಲ್ಲೇ ಉಳಿಯುವುದರಿಂದ ಮುಂದಿನ ಸಲ 8 ಸೆಕೆಂಡ್ ಒಳಗೆ ಸ್ಥಳ ಸಿಗುತ್ತದೆ. ಇಲ್ಲೊಂದು ಕಾಣದ ಗುಂಡಿ ಇದೆ. ಆ ಪಥದ ಮಾಹಿತಿ ಸುಮಾರು 4 ಗಂಟೆಗೆ ಹಳತಾಗುತ್ತದೆ, ಉಪಗ್ರಹ ಅದನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. 8 ಸೆಕೆಂಡಿಗೇ ಆಫ್ ಮಾಡುತ್ತಾ ಹೋದರೆ ಹೊಸದು ಎಂದೂ ಪೂರ್ತಿ ಇಳಿಯುವುದಿಲ್ಲ. ಬೆಳಿಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನಕ್ಕೆ ತಡಕಾಡಲು ಶುರು. ಎರಡು ಗಂಟೆಗೊಮ್ಮೆ 40 ಸೆಕೆಂಡ್ ಬಿಡಿ. ಅದನ್ನೂ ಸೇರಿಸಿ ದಿನಕ್ಕೆ 27 ಎಂಎಎಚ್.

ಇನ್ನು ರೇಡಿಯೋ. ಅದನ್ನು ಸ್ಲೀಪ್‌ಗೆ ಹಾಕದೆ ಪ್ರೊಸೆಸರನ್ನು ಮಾತ್ರ ಮಲಗಿಸಿದರೆ, ಕೇಳಿಸಿಕೊಳ್ಳುವ ಸ್ಥಿತಿಯಲ್ಲೇ ಉಳಿದ ರೇಡಿಯೋ 4.6 ಮಿಲಿಆಂಪ್‌ನಂತೆ ದಿನಕ್ಕೆ 110 ಎಂಎಎಚ್ ನುಂಗುತ್ತದೆ. ಮೇಲೆ ಉಳಿಸಿದ್ದೆಲ್ಲ ಹೊಳೆಗೆ. ಇನ್ನೊಂದು ಸಾಮಾನ್ಯ ತಪ್ಪೆಂದರೆ ಎದ್ದಾಗಲೆಲ್ಲ ಲೋರಾವ್ಯಾನ್‌ಗೆ, ಅಂದರೆ ಲೋರಾ ಸಂದೇಶಗಳ ನೆಟ್‌ವರ್ಕಿಗೆ, ಹೊಸದಾಗಿ ಜಾಯಿನ್ ಆಗುವುದು. ಉತ್ತರಕ್ಕೇ 5 ಸೆಕೆಂಡ್ ಕಾಯಬೇಕು. ಸೆಷನ್ ಕೀ (ಜಾಯಿನ್ ಆದಾಗ ಸಿಗುವ ಗುಪ್ತ ಕೀಲಿ) ಮತ್ತು ಫ್ರೇಮ್ ಕೌಂಟರನ್ನು (ಸಂದೇಶದ ಎಣಿಕೆ) ನಿದ್ರೆಯಲ್ಲೂ ಅಳಿಯದ ಆರ್‌ಟಿಸಿ ಮೆಮೊರಿಯಲ್ಲಿ ಇಡಿ. ತಲುಪಿತು ಅಂತ ಉತ್ತರ ಕೇಳುವ ಕನ್‌ಫರ್ಮ್ಡ್ ಸಂದೇಶ ಬೇಡ, ಓಡಾಡುವ ಕುರಿಗೆ ನೆಟ್‌ವರ್ಕೇ ವೇಗ ಬದಲಿಸುವ ಎಡಿಆರ್ ಕೂಡ ಬೇಡ.

ಸಂದೇಶದ ಉದ್ದ ಎಸ್‌ಎಫ್7ನಲ್ಲಿ ಅಷ್ಟೇನೂ ಕಾಡುವುದಿಲ್ಲ, ಎಸ್‌ಎಫ್12ಕ್ಕೆ ಹೋದಾಗ ಕಾಡುತ್ತದೆ. ಸ್ಥಳ, ಬ್ಯಾಟರಿ ಮಟ್ಟ ಎರಡನ್ನೂ ಜೇಸನ್‌ನಲ್ಲಿ (ಹೆಸರು-ಬೆಲೆ ಜೋಡಿಯ ಅಕ್ಷರ ರೂಪ) ಬರೆದರೆ 38 ಬೈಟ್, ಗಾಳಿಯಲ್ಲಿ 2.47 ಸೆಕೆಂಡ್. ಅದರ ಬದಲು ಒಂದು ನಡುಬಿಂದು ಹಿಡಿದು ಅಲ್ಲಿಂದ ಎಷ್ಟು ಸರಿದಿದೆ ಅಂತ 0.00001 ಡಿಗ್ರಿ ಲೆಕ್ಕದಲ್ಲಿ ಎರಡೆರಡು ಬೈಟ್ ಕಳಿಸಿ: ಸುಮಾರು ಒಂದು ಮೀಟರ್ ಸೂಕ್ಷ್ಮತೆ, ಸುತ್ತ 35 ಕಿಲೋಮೀಟರ್ ವ್ಯಾಪ್ತಿ. ಗಂಗಾವತಿಯನ್ನೇ ನಡುಬಿಂದು ಮಾಡಿದರೆ ಸಿಂಧನೂರು ಹೊರಗುಳಿಯುತ್ತದೆ. ಕಾರಟಗಿಯನ್ನು ಮಾಡಿದರೆ ಎರಡೂ ಒಳಗೆ. ಬ್ಯಾಟರಿಗೆ ಒಂದು ಸೇರಿ 5 ಬೈಟ್, 1.32 ಸೆಕೆಂಡ್.

ಈ ಬೋರ್ಡಿನ ದೊಡ್ಡ ಕೊರತೆ ಅಂದರೆ ಅಲುಗಾಟ ತಿಳಿಯುವ ಸೆನ್ಸರ್ ಇಲ್ಲ. ಹಿಂಡು ರಾತ್ರಿಯೆಲ್ಲ ತರುಬಿನಲ್ಲಿ ಮಲಗಿರುವಾಗ ಜಿಪಿಎಸ್ ಎಬ್ಬಿಸುವುದು ದಂಡ. ಅಂಥ ಸೆನ್ಸರ್ ಎಲ್‌ಐಎಸ್3ಡಿಎಚ್ ಒಂದನ್ನು ಬೆಸೆದು, ಅಲುಗಿದಾಗ ಸೂಚನೆ ಕೊಡುವ ಅದರ ಇಂಟರಪ್ಟ್ ತಂತಿಯನ್ನು ಜಿಪಿಐಒ 25ರಂಥ, ಮಲಗಿದ ಪ್ರೊಸೆಸರನ್ನು ಎಬ್ಬಿಸಬಲ್ಲ ಆರ್‌ಟಿಸಿ ಪಿನ್ನಿಗೆ ಕೊಡಿ. ಅಲುಗಾಡದಿದ್ದರೆ ಗಂಟೆಗೊಂದು ಸಂದೇಶ ಸಾಕು. ಅದರಲ್ಲೂ ಹಳೆಯ ಸ್ಥಳವನ್ನೇ ಕಳಿಸಿದರೆ ಆಯಿತು.

ಕಟ್ಟುವುದರಲ್ಲೂ ಕರೆಂಟ್ ಉಳಿತಾಯ ಇದೆ. ಭಾರದ ಡಬ್ಬಿ ತಾನಾಗಿ ಕುರಿಯ ಗಂಟಲಡಿಗೆ ಜಾರಿ ಆಂಟೆನಾ ನೆಲ ನೋಡುತ್ತದೆ, ಹುಡುಕಾಟ ಉದ್ದವಾಗುತ್ತದೆ. ಜಿಪಿಎಸ್ ಆಂಟೆನಾ ಐಪೆಕ್ಸ್ ಅನ್ನುವ ಚಿಕ್ಕ ಕನೆಕ್ಟರಿನಲ್ಲಿರುವುದರಿಂದ ಬಿಚ್ಚಿ, ಉದ್ದದ ತಂತಿಯಲ್ಲಿ ಕತ್ತಿನ ಮೇಲ್ಭಾಗಕ್ಕೆ ಹೊಲಿಯಬಹುದು, ಡಬ್ಬಿ ಕೆಳಗಿರಲಿ. ಡಬ್ಬಿಯ ಬಣ್ಣ ಬಿಳಿ. ರಾಯಚೂರಿನ ಬೇಸಿಗೆಯಲ್ಲಿ ಕಪ್ಪು ಡಬ್ಬಿಯ ಒಳಗಿನ ಶಾಖ ಸೆಲ್‌ನ ಆಯುಷ್ಯ ತಿನ್ನುತ್ತದೆ. 45 ಡಿಗ್ರಿ ದಾಟಿದಾಗ ಚಾರ್ಜ್ ಮಾಡಲೇಬಾರದು, ಹಾಗಾಗಿ ಬಿಸಿಲಲ್ಲೇ ಸೋಲಾರ್ ಹಚ್ಚುವ ಯೋಚನೆ ಬಿಡಿ. ಸೆಲ್ ಉಲ್ಟಾ ಹಾಕಿದರೆ ಬೋರ್ಡೇ ಹೋಗಬಹುದು, ಪ್ಲಸ್ ಗುರುತು ಎರಡು ಸಲ ನೋಡಿ.

ಇಷ್ಟೆಲ್ಲ ಮಾಡಿ, ನಿದ್ರೆಯಲ್ಲಿ 1 ಮಿಲಿಆಂಪ್ ಸೋರಿದರೂ ದಿನಕ್ಕೆ 51 ಎಂಎಎಚ್. ಕಾಗದದ ಮೇಲೆ 58 ದಿನ, ಕೈಯಲ್ಲಿ ಒಂದೂವರೆ ತಿಂಗಳು ಅಂದುಕೊಳ್ಳಿ. ಆನೆಗೊಂದಿ ಕಡೆಯ ಬಂಡೆಗುಡ್ಡಗಳ ಸಂದಿಯಲ್ಲಿ ಇದೂ ಇಳಿಯುತ್ತದೆ, ಸಂದೇಶ ಹಿಡಿದು ಇಂಟರ್ನೆಟ್‌ಗೆ ದಾಟಿಸುವ ಗೇಟ್‌ವೇ ಎತ್ತರದಲ್ಲಿ ಇಡದಿದ್ದರೆ ಸಂದೇಶವೂ ತಲುಪುವುದಿಲ್ಲ. ಕಲಿಯಲು, ಒಂದೆರಡು ಟಗರಿಗೆ ಕಟ್ಟಲು ಈ ಬೋರ್ಡು ಧಾರಾಳ ಸಾಕು. ಮರಿಗಳಿಗೆ ಭಾರ. ಹತ್ತಾರು ಕುರಿಗೆ ವರ್ಷಗಟ್ಟಲೆ ಓಡಬೇಕಾದರೆ ಎನ್‌ಆರ್‌ಎಫ್52840 ಪ್ರೊಸೆಸರ್ ಜೊತೆ ಯು-ಬ್ಲಾಕ್ಸ್ ಎಂ10 ಜಿಪಿಎಸ್ ಇರುವ ಬೋರ್ಡು ನೋಡಿ.