ಮೂರು ದಿನದ ಧ್ಯಾನ ಶಿಬಿರ: ಎರಡು ದಿನ ಚೆನ್ನ, ಮೂರನೇ ದಿನ ಯೋಚಿಸಿ ಹೋಗಿ

ಸೇಡಂ ರಸ್ತೆ ಕಡೆ ನಡೆದ ಧ್ಯಾನ ಶಿಬಿರಕ್ಕೆ ವೈನಿ (ಅತ್ತಿಗೆ) ಜೊತೆ ಹೋಗಿದ್ದೆ. ಫೀಸು ತಲಾ 1,800 ರೂಪಾಯಿ. ಕೊನೆಯ ದಿನ ಧ್ಯಾನದಿಂದಲೇ ನೆಲ ಬಿಟ್ಟು ಏಳುವುದನ್ನು ಕಲಿಸುತ್ತೇವೆ ಅಂದಿದ್ದರು. ನಾನು 22 ವರ್ಷದಿಂದ ಹೈಸ್ಕೂಲಿನಲ್ಲಿ ಪಿ.ಇ. ಟೀಚರ್. ಹೈಜಂಪ್, ಲಾಂಗ್ ಜಂಪ್ ಕಲಿಸುವವಳು. ನೋಡಲೇಬೇಕು ಅನಿಸಿತು.

ಮೊದಲ ಎರಡು ದಿನ ತುಂಬಾ ಚೆನ್ನಾಗಿತ್ತು. ಮೇ ತಿಂಗಳ ಬಿಸಿಲು ಏರುವ ಮೊದಲೇ, ಬೆಳಿಗ್ಗೆ ಆರಕ್ಕೆ ಮೌನ ಧ್ಯಾನ. ನಾಷ್ಟಾಕ್ಕೆ ಸುಸಲಾ, ಮಿರ್ಚಿ ಭಜಿ.

ಮೂರನೇ ದಿನ ಹಾಲ್ ತುಂಬಾ ಫೋಮಿನ ಗಾದಿ ಹಾಸಿದ್ದರು. ಪತಂಜಲಿಯ ಯೋಗಸೂತ್ರದ ಮೂರನೇ ಪಾದದ (ಅಧ್ಯಾಯದ) ಮಾತು ಹೇಳಿದರು: ಹತ್ತಿಯ ಹಗುರತನದಲ್ಲಿ ಮನಸ್ಸು ನೆಟ್ಟರೆ ಆಕಾಶದಲ್ಲಿ ಸಾಗಬಹುದು. ಅದೇ ಪಾದದಲ್ಲಿ ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿ ಅಂತಲೂ ಇದೆ. ಅದನ್ನು ಹೇಳಲಿಲ್ಲ. ಮಹರ್ಷಿ ಮಹೇಶ ಯೋಗಿಯವರ ಶಿಷ್ಯರು 1986ರಲ್ಲಿ ವಾಷಿಂಗ್ಟನ್‌ನಲ್ಲಿ ಪತ್ರಕರ್ತರ ಮುಂದೆ ಹಾರಿದ್ದನ್ನು ಹೇಳಿದರು. ಅಲ್ಲಿಯೂ ಜನ ಕಂಡದ್ದು ಕಾಲು ಮಡಚಿ ಫೋಮಿನ ಮೇಲೆ ಕುಪ್ಪಳಿಸಿದ್ದನ್ನೇ. ಗಾಳಿಯಲ್ಲಿ ಯಾರೂ ನಿಲ್ಲಲಿಲ್ಲ.

ನಮ್ಮ ಮುಂದೆ ಒಬ್ಬ ಹುಡುಗ ಪದ್ಮಾಸನದಲ್ಲಿ ಹಾರಿ ತೋರಿಸಿದ. ನಾನು ಅವನ ತೊಡೆಯನ್ನೇ ನೋಡುತ್ತಿದ್ದೆ. ಏಳುವ ಮೊದಲು ಮೊಣಕಾಲು ಗಾದಿಗೆ ಒತ್ತಿತು, ಸೊಂಟ ಚೂರು ಮುಂದೆ ಬಾಗಿತು, ತೊಡೆ ಬಿಗಿಯಾಯಿತು. ಒಂದು ಗೇಣು ಮೇಲೆ ಹೋದ. ಅವರ ಅನುಮತಿ ಕೇಳಿ ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆದೆ, ಸೆಕೆಂಡಿಗೆ 240 ಫ್ರೇಮ್. ಮನೆಗೆ ಬಂದು ಎಣಿಸಿದೆ. ಏರಲು 52, ಇಳಿಯಲು 52. ಅಷ್ಟೇ ಎತ್ತರಕ್ಕೆ ಎಸೆದ ಕಲ್ಲಿಗೂ ಇಷ್ಟೇ ಹೊತ್ತು. ತೇಲಿದ್ದರೆ ಇಳಿಯುವಾಗಲಾದರೂ ತಡವಾಗಬೇಕಿತ್ತು, ಅಲ್ವಾ?

ಅವತ್ತು ವೈನಿಯೂ ಹಾರಿದ್ದರು. ನನ್ನ ಮಾತು ಅವರು ಒಪ್ಪಲಿಲ್ಲ. "ನಾ ಹಾರಿಲ್ಲವ್ವಾ, ತಾನೇ ಎತ್ತಿದಂಗ ಆತು" ಅಂದರು. ಅವರು ಸುಳ್ಳು ಹೇಳುವವರಲ್ಲ. ಚೆನ್ನಾಗಿ ಪಳಗಿದ ಲಾಂಗ್ ಜಂಪ್ ಹುಡುಗಿಯೂ ಹೀಗೇ ಹೇಳುತ್ತಾಳೆ: "ಟೀಚರ್, ಕಾಲು ತಾನೇ ಎದ್ದಿತ್ರೀ." ಮನಸ್ಸು ಶಾಂತವಾದಾಗ ಮೈ ಪಡುವ ಶ್ರಮ ನಮಗೆ ಗೊತ್ತಾಗುವುದಿಲ್ಲ. ಶ್ರಮ ಇಲ್ಲ ಅಂತ ಅಲ್ಲ. ಕಾಲು ಮಡಚಿಕೊಂಡು ಒಂದು ಗೇಣು ಏಳುವುದು ಸಣ್ಣ ಕಸರತ್ತೂ ಅಲ್ಲ. ಆ ಹುಡುಗನ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಕಸರತ್ತು ಅಂತಲೇ ಹೇಳಿ ಕಲಿಸಿದ್ದರೆ ನಾನೇ ನನ್ನ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ.

ಹಾಗೆ ಹೇಳದೇ ಇದ್ದದ್ದರಿಂದಲೇ ತೊಂದರೆಯಾಯಿತು. ಕಸರತ್ತು ಅಂದುಕೊಂಡಿದ್ದರೆ ವಾರ್ಮಪ್ ಮಾಡಿಸುತ್ತಿದ್ದರು, ಬೆನ್ನು, ಮೊಣಕಾಲು ಹೇಗಿದೆ ಅಂತ ಕೇಳುತ್ತಿದ್ದರು. ವೈನಿಗೆ 54 ವರ್ಷ. ಯಾರೂ ಏನೂ ಕೇಳಲಿಲ್ಲ. ಗಾದಿ ನಾಲ್ಕು ಇಂಚೂ ಇರಲಿಲ್ಲ, ನಡುವೆ ಕುಸಿದಿತ್ತು. ಮೂರನೇ ಸಲ ಕೆಳಗೆ ಬಿದ್ದಾಗ ಬಾಲಮೂಳೆಗೆ ಪೆಟ್ಟಾಯಿತು. ಒಂಬತ್ತು ದಿನ ನೆಟ್ಟಗೆ ಕೂರಲು ಆಗಲಿಲ್ಲ. ವಿಚಾರಿಸಿದರೆ, ನಂಬಿಕೆ ಕಡಿಮೆ ಇದ್ದವರಿಗೆ ಹೀಗಾಗುತ್ತದೆ ಅಂದರು. ನನಗೆ ಜಾಸ್ತಿ ನೋವಾಗಿದ್ದು ಆ ಮಾತಿಗೆ.

ಮೊದಲ ಎರಡು ದಿನಕ್ಕೆ ಖಂಡಿತ ಹೋಗಿ. ಈಗಲೂ ವೈನಿ, ನಾನು ಬೆಳಿಗ್ಗೆ ಆರಕ್ಕೆ ಮಾಳಿಗೆ ಮೇಲೆ ಕೂರುತ್ತೇವೆ. ಮೂರನೇ ದಿನಕ್ಕೂ ಹೋಗುವವರು ಮೊದಲು ಗಾದಿ ಒತ್ತಿ ನೋಡಿ.