ಹಳೇ ಕಂಪ್ಯೂಟರ್ ಎಲ್ಲಿ ಕೊಳ್ಳೋದು? ಎಸ್.ಪಿ. ರೋಡ್, ಸಂಡೇ ಬಜಾರ್, ಆನ್‌ಲೈನ್, ಡಿಟಿಪಿ ಅಂಗಡಿ

ಹಳೇ ಕಂಪ್ಯೂಟರ್ ಹುಡುಕುತ್ತಿದ್ದೇನೆ ಅಂದರೆ ಎಲ್ಲರೂ ಮೊದಲು ಕೇಳೋದು ಬೆಲೆ. ನಾನು ಮೊದಲು ನೋಡುವುದು ಬೇರೆ. ಪೆಟ್ಟಿಗೆಯ ಜೊತೆ ಇನ್ನೇನು ಬರುತ್ತದೆ? ಡ್ರೈವರ್ ಫ್ಲಾಪಿ, ಮದರ್‌ಬೋರ್ಡಿನ ಪುಸ್ತಕ, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುವ ಹಾರ್ಡ್‌ವೇರ್ ಲಾಕ್, ಮಾಲೀಕರು ಕೀಬೋರ್ಡ್ ಪಕ್ಕ ಅಂಟಿಸಿಕೊಂಡಿದ್ದ ಕೀ ಚಾರ್ಟ್. ಇವೇ ಮುಖ್ಯ ಅಂತ ಗೊತ್ತಾದ ಮೇಲೆ ನಾನು ಕೊಳ್ಳುವ ಜಾಗಗಳೂ ಬದಲಾದವು. ಬೆಂಗಳೂರಿನಲ್ಲಿದ್ದುಕೊಂಡು ನಾಲ್ಕು ದಾರಿ ನೋಡಿದ್ದೇನೆ. ನಾಲ್ಕರಲ್ಲೂ ದುಡ್ಡು ಹಾಕಿದ್ದೇನೆ.

ನನಗೆ ಬೇಕಾಗಿರುವುದು 1990ರ ದಶಕದಲ್ಲಿ ಕನ್ನಡ ಬರೆದ ಯಂತ್ರಗಳು. ಆಗ ಜಿಸ್ಟ್ ಕಾರ್ಡ್ ಅಂತ ಒಂದಿತ್ತು. ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸವನ್ನು ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮುಂದುವರಿಸಿ ಈ ಕಾರ್ಡನ್ನು ಜನರ ಕೈಗೆ ತಂದಿತು. ಅದನ್ನು ಬೋರ್ಡಿನ ಐಎಸ್ಎ ಸ್ಲಾಟಿಗೆ, ಅಂದರೆ ಹಳೇ ಬಗೆಯ ಕಾರ್ಡು ಸಿಕ್ಕಿಸುವ ಜಾಗಕ್ಕೆ, ಹಾಕಿದರೆ ವಿಂಡೋಸ್‌ಗೆ ಮೊದಲಿನ ಡಾಸ್‌ನಲ್ಲಿ ಓಡುವ ವರ್ಡ್‌ಸ್ಟಾರ್, ಡಿಬೇಸ್ ತರಹದ ಪ್ರೋಗ್ರಾಮುಗಳಲ್ಲೂ ಕನ್ನಡ ಮೂಡುತ್ತಿತ್ತು. ಆಮೇಲೆ ವಿಂಡೋಸ್ ಬಂತು, ಪೇಜ್‌ಮೇಕರ್ ಬಂತು, ಕಂಪ್ಯೂಟರಿನಲ್ಲೇ ಪುಟ ಕಟ್ಟಿಕೊಡುವ ಡಿಟಿಪಿ ಅಂಗಡಿಗಳು ಊರೂರಿಗೆ ಬಂದವು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಅನ್ನುವ ಕನ್ನಡ ಸಾಫ್ಟ್‌ವೇರ್ ಬಂತು. ಆ ಕಾಲದಲ್ಲಿ ಪುಟ ಕಟ್ಟಿದ ಕನ್ನಡ ಪುಸ್ತಕಗಳ ಕಡತಗಳು ಇವತ್ತಿನ ಯಂತ್ರದಲ್ಲಿ ಸರಿಯಾಗಿ ತೆರೆಯುವುದಿಲ್ಲ. ಒಂದೊಂದು ಕಂಪನಿಯ ಫಾಂಟಿಗೆ ಒಂದೊಂದು ಸಂಕೇತ. ಆ ಫಾಂಟ್ ಇಲ್ಲದಿದ್ದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಅಷ್ಟೇ. ಹಾಗಾಗಿ ನನಗೆ ಹಳೇ ಯಂತ್ರ ಶೋಕೇಸಿನಲ್ಲಿ ಇಡುವುದಕ್ಕಲ್ಲ, ಓಡಿಸುವುದಕ್ಕೆ ಬೇಕು.

ಯಾವ ಯಂತ್ರ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಕೆಲಸಕ್ಕೆ ಒಂದೇ ಯಂತ್ರ ಸಾಕು ಅನ್ನುವವರು ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ ಇರುವ ಬೋರ್ಡ್ ಹುಡುಕಿ. 1998ರಲ್ಲಿ ಬಂದದ್ದು. ಪೆಂಟಿಯಂ 2, ಪೆಂಟಿಯಂ 3 ಎರಡೂ ಇದರಲ್ಲಿ ಓಡುತ್ತವೆ. ಪಿಸಿಐ, ಎಜಿಪಿ ಅನ್ನುವ ಆಮೇಲಿನ ಸ್ಲಾಟುಗಳ ಜೊತೆಗೆ ಬಹಳಷ್ಟು ಬೋರ್ಡುಗಳಲ್ಲಿ ಐಎಸ್ಎ ಸ್ಲಾಟೂ ಇದೆ. ಯುಎಸ್‌ಬಿ ಇದೆ. ಬ್ಯಾಟರಿ ಮಾಮೂಲಿ ನಾಣ್ಯದಂಥ ಸೆಲ್, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಡಾಸ್ ಮತ್ತು ವಿಂಡೋಸ್ 98 ಎರಡೂ ಒಂದೇ ಡಬ್ಬದಲ್ಲಿ ಹಾಯಾಗಿರುತ್ತವೆ. ಪೆಂಟಿಯಂಗಿಂತ ಹಿಂದಿನ 486 ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಆದರೆ ಅದು ಸೇವೆ ಕೇಳುತ್ತದೆ. ಎಷ್ಟೋ 386, 486 ಬೋರ್ಡುಗಳ ಮೇಲೆ 3.6 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ವರ್ಷ ಕಳೆದಂತೆ ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಕಿಲುಬು ಕಂಡರೆ ಅದೇ. ಸ್ವಲ್ಪವೇ ಇದ್ದರೆ ಬ್ಯಾಟರಿ ಕತ್ತರಿಸಿ ತೆಗೆದು, ವಿನೆಗರ್ ಸವರಿ, ನೀರಿನಿಂದ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಒಣಗಿಸಿದರೆ ಉಳಿಯುತ್ತದೆ. ಕಿಲುಬು ಕೀಬೋರ್ಡ್ ಸಾಕೆಟ್ ದಾಟಿ ಸ್ಲಾಟುಗಳ ತನಕ ಹೋಗಿದ್ದರೆ ನಾನು ಆ ಬೋರ್ಡ್ ಕೊಳ್ಳುವುದಿಲ್ಲ.

ಇನ್ನು ಜಾಗಗಳು.

ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಬೆಂಗಳೂರಿನ ಕಂಪ್ಯೂಟರ್ ಮಂದಿಗೆ ತವರು. ರಸ್ತೆಗೆ ಮುಖ ಮಾಡಿದ ಅಂಗಡಿಗಳಲ್ಲಿ ಹೊಸ ಸಾಮಾನು. ಹಳೆಯದು ಬೇಕೆಂದರೆ ಓಣಿಯೊಳಗೆ, ಮೆಟ್ಟಿಲು ಹತ್ತಿ, ಕತ್ತಲೆ ಕೋಣೆಗಳ ತನಕ ಹೋಗಬೇಕು. ಇಲ್ಲಿನ ದೊಡ್ಡ ಗುಣ ಅಂದರೆ ದುಡ್ಡು ಕೊಡುವ ಮೊದಲೇ ಆನ್ ಮಾಡಿ ತೋರಿಸುತ್ತಾರೆ. "ಟೆಸ್ಟಿಂಗ್ ವಾರಂಟಿ ಅಷ್ಟೇ ಸರ್, ಮನೆಗೆ ಹೋದ್ಮೇಲೆ ನಮ್ದಲ್ಲ" ಅನ್ನುತ್ತಾರೆ. ನ್ಯಾಯವಾದ ಮಾತು. ರ್ಯಾಮ್ ಹಾಕಿ ಕೊಡುತ್ತಾರೆ, ಯಂತ್ರಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬ ಬದಲಿಸಿ ನೋಡುತ್ತಾರೆ, ಯಾವ ಬೋರ್ಡಿಗೆ ಯಾವುದು ಹೊಂದುತ್ತದೆ ಅಂತ ಬಾಯಲ್ಲೇ ಹೇಳುತ್ತಾರೆ. ಹಾರ್ಡ್ ಡಿಸ್ಕಿನ ಐಡಿಇ ಕೇಬಲ್, ಮಾನಿಟರ್ ಜೋಡಿಸುವ ವಿಜಿಎ ಕಾರ್ಡ್, ಹಳೇ ರ್ಯಾಮ್‌ಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ.

ಪೂರ್ತಿ ಯಂತ್ರ ಮಾತ್ರ ಇಲ್ಲಿ ಸಿಗುವುದು ಕಡಿಮೆ. 486 ಇದೆಯಾ ಅಂತ ಕೇಳಿದರೆ, "ಅದೆಲ್ಲ ಯಾವಾಗಲೋ ಗುಜರಿಗೆ ಹೋಯ್ತು ಸರ್" ಅನ್ನುತ್ತಾರೆ. ಅದಕ್ಕೆ ಕಾರಣ ಇದೆ. ಹಳೇ ಸೆರಾಮಿಕ್ ಪ್ರೊಸೆಸರುಗಳಲ್ಲಿ ಚಿನ್ನದ ಲೇಪ ಇರುತ್ತದೆ. 486, ಮೊದಲ ಪೆಂಟಿಯಂಗಳು, 1995ರ ಪೆಂಟಿಯಂ ಪ್ರೊ ಇವೆಲ್ಲ ಚಿನ್ನ ತೆಗೆಯುವವರಿಗೆ ಬೇಕು. ಅವರು ತೂಕಕ್ಕೆ ಕೊಳ್ಳುತ್ತಾರೆ. ನಾವು ಹುಡುಕುವ ವಸ್ತುವಿಗೆ ನಮ್ಮ ಪೈಪೋಟಿ ಇರುವುದು ಇನ್ನೊಬ್ಬ ಸಂಗ್ರಾಹಕರ ಜೊತೆಗಲ್ಲ, ಆ ತಕ್ಕಡಿಯ ಜೊತೆಗೆ. ಇನ್ನೊಂದು ವಿಷಯ, ಅಂಗಡಿಯವರು ಹಾರ್ಡ್ ಡಿಸ್ಕನ್ನು ಅಳಿಸಿಯೇ ಮಾರುತ್ತಾರೆ. ಮಾಡಬೇಕಾದದ್ದೂ ಅದೇ. ಆದರೆ ಅದರೊಂದಿಗೆ ಆ ಯಂತ್ರದಲ್ಲಿದ್ದ ಕನ್ನಡದ ಸಾಫ್ಟ್‌ವೇರೂ ಹೋಗಿರುತ್ತದೆ.

ಸಂಡೇ ಬಜಾರ್ ಅಲ್ಲಿಂದ ದೂರವೇನಿಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ, ಭಾನುವಾರ ಬೆಳಿಗ್ಗೆ ಬೇಗ ಹೋಗಬೇಕು. ಟಾರ್ಪಾಲಿನ ಮೇಲೆ ಎಲ್ಲ ಬಿದ್ದಿರುತ್ತದೆ. ಇಲ್ಲಿ ಪ್ಲಗ್ ಇಲ್ಲ. ಕಣ್ಣೇ ಮೀಟರ್. ಕ್ಯಾಪಾಸಿಟರ್ ತಲೆ ಉಬ್ಬಿದೆಯಾ, ಪ್ರೊಸೆಸರಿನ ಪಿನ್ ಬಾಗಿದೆಯಾ, ಕಾರ್ಡಿನ ಅಂಚಿನ ಚಿನ್ನದ ಬೆರಳುಗಳು ಕಪ್ಪಾಗಿವೆಯಾ, ಎಸ್‌ಎಂಪಿಎಸ್ ಹತ್ತಿರ ಮೂಗು ತಂದರೆ ಸುಟ್ಟ ವಾಸನೆ ಬರುತ್ತದೆಯಾ, ಇಷ್ಟು ನೋಡಬಹುದು. ನಾಲ್ಕು ದಾರಿಗಳಲ್ಲಿ ಬೆಲೆ ಇಲ್ಲೇ ಕಡಿಮೆ. ಚೌಕಾಸಿ ಮಾಡಲೇಬೇಕು. ಬಿಲ್ಲು ಇರುವುದಿಲ್ಲ, ಹಾಗಾಗಿ ಲ್ಯಾಪ್‌ಟಾಪ್, ಫೋನ್ ತರಹದ್ದನ್ನು ಇಲ್ಲಿ ಮುಟ್ಟಬೇಡಿ, ಯಾರದ್ದೋ ಕಳೆದುಹೋದದ್ದಾಗಿರಬಹುದು.

ಇಲ್ಲಿ ನಂಬಿ ಕೊಳ್ಳಬಹುದಾದದ್ದು ಕೀಬೋರ್ಡ್. ಪ್ರತಿ ಕೀಯನ್ನೂ ಒತ್ತಿ ನೋಡಲು ಕರೆಂಟ್ ಬೇಕಿಲ್ಲವಲ್ಲ. ಟಿವಿಎಸ್ ಗೋಲ್ಡ್ ಕಂಡರೆ ಬಿಡಬೇಡಿ. ಚೆರ್ರಿ ಎಂಎಕ್ಸ್ ನೀಲಿ ಸ್ವಿಚ್ಚಿನ ಆ ಕೀಬೋರ್ಡ್ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟ್, ಬ್ಯಾಂಕು, ಡಿಟಿಪಿ ಅಂಗಡಿಗಳನ್ನೆಲ್ಲ ಆಳಿದ್ದು. ಮಣ್ಣು ತುಂಬಿದ್ದರೂ ಕೀ ಕಳಚಿ ತೊಳೆದರೆ ಟಕಟಕ ಅಂತ ಮತ್ತೆ ಶುರುವಾಗುತ್ತದೆ. ಬೋರ್ಡುಗಳನ್ನು ಇಲ್ಲಿ ಕೊಂಡರೆ ಕೆಟ್ಟಿದ್ದೇ ಇರಬಹುದು ಅಂದುಕೊಂಡೇ ಕೊಳ್ಳಿ.

ಆನ್‌ಲೈನಿನಲ್ಲಿ ಎರಡು ಬಗೆ. ಒಂದು, ಸ್ಥಳೀಯ ಜಾಹೀರಾತು ನೋಡಿ ಕೊಳ್ಳುವುದು. ಇಲ್ಲಿ ಮಾಲೀಕರ ಹತ್ತಿರ ನೇರವಾಗಿ ಮಾತಾಡಬಹುದು, ಅದು ಒಳ್ಳೆಯದು. ಆದರೆ "ವಿಂಟೇಜ್" ಅಂತ ಬರೆದ ತಕ್ಷಣ ಬೆಲೆ ಏರಿರುತ್ತದೆ. ಮುಚ್ಚಿದ ಕ್ಯಾಬಿನೆಟ್ಟಿನ ಫೋಟೋ ಯಾವ ಕೆಲಸಕ್ಕೂ ಬಾರದು. ಪಕ್ಕದ ಬಾಗಿಲು ತೆಗೆದು ಬೋರ್ಡಿನ ಫೋಟೋ, ಬ್ಯಾಟರಿ ಇರುವ ಜಾಗದ ಹತ್ತಿರದ ಫೋಟೋ, ಆನ್ ಮಾಡಿ ಶುರುವಿನ ಬಯಾಸ್ ತೆರೆ ಬರುವ ತನಕದ ವಿಡಿಯೊ, ಈ ಮೂರನ್ನೂ ಕೇಳಿ. ಕಳಿಸುವವರು ಕಳಿಸುತ್ತಾರೆ. ಕಳಿಸದವರ ಹತ್ತಿರ ನಾನು ಕೊಳ್ಳುವುದಿಲ್ಲ. ಸಾಧ್ಯವಾದರೆ ನೀವೇ ಹೋಗಿ ತನ್ನಿ. ನನಗೆ ಹೊರ ಊರಿನಿಂದ ಕೊರಿಯರಿನಲ್ಲಿ ಬಂದ ಒಂದು ಪೆಂಟಿಯಂ 3 ಡಬ್ಬದಲ್ಲಿ, ಹೀಟ್‌ಸಿಂಕ್ ಭಾರಕ್ಕೆ ಪ್ರೊಸೆಸರ್ ಕಾರ್ಟ್ರಿಡ್ಜ್ ಸ್ಲಾಟಿನಿಂದ ಕಿತ್ತುಕೊಂಡು ಒಳಗೆಲ್ಲ ಉರುಳಾಡಿತ್ತು. ಎರಡು ರ್ಯಾಮ್ ಸ್ಲಾಟಿನ ಕೊಕ್ಕೆ ಮುರಿದಿದ್ದವು. ಈಗ ಪ್ರೊಸೆಸರನ್ನೂ ದೊಡ್ಡ ಕಾರ್ಡುಗಳನ್ನೂ ಬಿಚ್ಚಿ ಬೇರೆ ಸುತ್ತಿ ಕಳಿಸಿ ಅಂತ ಮಾರುವವರಿಗೆ ಮೊದಲೇ ಹೇಳುತ್ತೇನೆ. ಸಿಆರ್‌ಟಿ ಮಾನಿಟರನ್ನಂತೂ ಕೊರಿಯರಿಗೆ ಕೊಡುವ ಮಾತೇ ಬೇಡ.

ಇನ್ನೊಂದು, ವಿದೇಶದಿಂದ ತರಿಸುವುದು. ಇಬೇ ಇಂಡಿಯಾ 2018ರಲ್ಲೇ ಮುಚ್ಚಿತು. ಹೊರದೇಶದ ಇಬೇಯಲ್ಲಿ ಆಯ್ಕೆ ಅಪಾರ, ವಿವರಣೆ ಚೆನ್ನಾಗಿರುತ್ತದೆ, ಫೋಟೋ ಸ್ಪಷ್ಟ. ಆದರೆ ಸುಂಕ ಬರೀ ವಸ್ತುವಿನ ಬೆಲೆಗಲ್ಲ, ಸಾಗಣೆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಬಳಸಿದ ಕಂಪ್ಯೂಟರುಗಳ ಆಮದಿಗೆ ನಮ್ಮಲ್ಲಿ ನಿರ್ಬಂಧವೂ ಇದೆ. ಇಡೀ ಯಂತ್ರದ ಆಸೆ ಬಿಡುವುದೇ ವಾಸಿ. ಅಮೆರಿಕದಿಂದ ಬಂದ ಎಸ್‌ಎಂಪಿಎಸ್ ಯಾರದ್ದಾದರೂ ಕೈಯಿಂದ ಸಿಕ್ಕಿದರೆ ಹಿಂಬದಿಯ ಕೆಂಪು ಸ್ವಿಚ್ ನೋಡದೆ ಪ್ಲಗ್ ಹಾಕಬೇಡಿ. ಅದು 115ರಲ್ಲಿ ಇದ್ದು ನಮ್ಮ 230 ವೋಲ್ಟ್ ಸಿಕ್ಕಿದರೆ ಢಮಾರ್.

ನಾಲ್ಕನೆಯದು ಡಿಟಿಪಿ ಅಂಗಡಿ ಮತ್ತು ಪ್ರೆಸ್ಸು. ನನ್ನ ಮನಸ್ಸು ಇರುವುದು ಇಲ್ಲೇ, ಮುಚ್ಚುಮರೆ ಇಲ್ಲ. ಗದಗವನ್ನು ಮುದ್ರಣ ಕಾಶಿ ಅನ್ನುತ್ತಾರೆ. ಅಷ್ಟು ಪ್ರೆಸ್ಸುಗಳಿರುವ ಊರು. ಅಲ್ಲಿ ಒಬ್ಬರ ಅಂಗಡಿಯ ಮೂಲೆಯಲ್ಲಿ ಪೆಂಟಿಯಂ ಯಂತ್ರವೊಂದು ಬಟ್ಟೆ ಹೊದ್ದು ಕೂತಿತ್ತು. "ಇದನ್ನ ತಗೊಂಡು ಏನ್ ಮಾಡ್ತೀರಿ ಸರ್?" ಅಂದರು. ಕಾರಣ ಹೇಳಿದೆ. ಅವರು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬ ತಂದರು. ಅದರಲ್ಲಿ ಕನ್ನಡ ಸಾಫ್ಟ್‌ವೇರಿನ ಮೂಲ ಫ್ಲಾಪಿಗಳು, ಹಾರ್ಡ್‌ವೇರ್ ಲಾಕ್, ಫ್ಲಾಪಿಗಿಂತ ಬಹಳ ಹೆಚ್ಚು ಹಿಡಿಸುವ ಐಒಮೆಗಾ ಜಿಪ್ ಡ್ರೈವ್, ಅದರ 100 ಎಂಬಿ ಡಿಸ್ಕುಗಳು, ಒಂದು ಬೋರ್ಡಿನ ಪುಸ್ತಕ ಇದ್ದವು. ಲಾಕ್ ಇಲ್ಲದೆ ಆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಎಸ್.ಪಿ. ರೋಡಿನಲ್ಲಿ, ಬಜಾರಿನಲ್ಲಿ, ಆನ್‌ಲೈನಿನಲ್ಲಿ ಆ ಲಾಕ್ ನನ್ನ ಕೈಗೆ ಎಂದೂ ಸಿಕ್ಕಿರಲಿಲ್ಲ. ಯಾಕೆಂದರೆ ಯಂತ್ರ ಮನೆ ಬಿಡುವ ದಿನ ಮೊದಲು ಕಳೆದುಹೋಗುವುದೇ ಅದು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು, ಏನೆಂದು ಗೊತ್ತಿಲ್ಲದವರು ಎಸೆಯುತ್ತಾರೆ.

ಸಾಮಾನಿಗಿಂತ ಹೆಚ್ಚಿನದು ಅವರ ಮಾತು. ಯಾವ ಫಾಂಟಿನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ, ಅದನ್ನು ಕೈಯಿಂದ ಹೇಗೆ ಸರಿಸುತ್ತಿದ್ದರು, ಲೇಸರ್ ಪ್ರಿಂಟ್ ತೆಗೆದು ಪ್ಲೇಟಿಗೆ ಹೇಗೆ ಕೊಡುತ್ತಿದ್ದರು, ಎಲ್ಲ ಹೇಳಿದರು. ಯಾವ ಮ್ಯಾನ್ಯುಯಲ್ಲಿನಲ್ಲೂ ಇದು ಇಲ್ಲ.

ಈ ದಾರಿಗೆ ಪುರುಸೊತ್ತು ಬೇಕು. ಹೋದ ದಿನವೇ ಕೊಡುವುದಿಲ್ಲ. ಚಹಾ ಕುಡಿಯಬೇಕು, ಮತ್ತೆ ಬರಬೇಕು. ಬೆಲೆ ಅವರು ಹೇಳಲು ಹಿಂಜರಿಯುತ್ತಾರೆ. ಗುಜರಿಯವರು ಕೊಡುವುದಕ್ಕಿಂತ ಚೆನ್ನಾಗಿಯೇ ಕೊಡಿ. ಇಲ್ಲಿ ಚೌಕಾಸಿ ನನಗೆ ಸರಿ ಕಾಣುವುದಿಲ್ಲ. ಡಿಸ್ಕಿನಲ್ಲಿ ಗಿರಾಕಿಗಳ ಕಾಗದಪತ್ರ ಇರುತ್ತವೆ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಅಂತ ಮಾಲೀಕರನ್ನೇ ಕೇಳಿ, ಅವರೆದುರೇ ಮಾಡಿ.

ವರ್ಷಗಟ್ಟಲೆ ನಿಂತ ಯಂತ್ರವನ್ನು ಅಲ್ಲೇ ಆನ್ ಮಾಡುವ ಆತುರ ಬೇಡ. ಕ್ಯಾಬಿನೆಟ್ ತೆಗೆದರೆ ಹಲ್ಲಿ ಮೊಟ್ಟೆ, ಇಲಿ ಕಡಿದ ವೈರು ಇರುವುದು ಸಾಮಾನ್ಯ. ಮೊದಲು ಧೂಳು ತೆಗೆಯಿರಿ. ಹಾರ್ಡ್ ಡಿಸ್ಕ್ ಬಿಚ್ಚಿ, ಐಡಿಇಯಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರಿನಲ್ಲಿ ನಿಮ್ಮ ಲ್ಯಾಪ್‌ಟಾಪಿಗೆ ಜೋಡಿಸಿ, ಪೂರ್ತಿ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ನಕಲು, ತೆಗೆದುಕೊಳ್ಳಿ. ಮತ್ತೊಮ್ಮೆ ತಿರುಗುತ್ತದೆ ಅನ್ನುವ ಭರವಸೆ ಇಲ್ಲ. ಆಮೇಲೆ ಎಸ್‌ಎಂಪಿಎಸ್ಸನ್ನು ಬೇರೆಯಾಗಿ ಪರೀಕ್ಷಿಸಿ ಯಂತ್ರಕ್ಕೆ ಕೊಡಿ. ಅದು ಎಟಿ ಅನ್ನುವ ಹಳೇ ಬಗೆಯದ್ದಾದರೆ ಬೋರ್ಡಿಗೆ ಎರಡು ಪ್ಲಗ್ ಬರುತ್ತವೆ. ಎರಡರ ಕಪ್ಪು ವೈರುಗಳು ನಡುವೆ ಒಟ್ಟಿಗೆ ಇರಬೇಕು. ಅದಲುಬದಲಾದರೆ ಬೋರ್ಡ್ ಸುಡುತ್ತದೆ. ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗದಗ, ಹುಬ್ಬಳ್ಳಿ ಕಡೆಯ ಯಂತ್ರಗಳಲ್ಲಿ ಧೂಳು ಜಾಸ್ತಿ, ತುಕ್ಕು ಕಡಿಮೆ. ಮಂಗಳೂರು, ಉಡುಪಿ ಕಡೆಯವು ಹೊರಗೆ ಹೊಸದರಂತೆ ಕಂಡರೂ ಒಳಗೆ ಸ್ಕ್ರೂ ತಲೆ ತುಕ್ಕು ಹಿಡಿದಿರುತ್ತದೆ.

ಹಾಗಾಗಿ ನನ್ನ ಹಂಚಿಕೆ ಹೀಗಿದೆ. ಯಂತ್ರ ಮಾಲೀಕರಿಂದಲೇ. ಎಸ್‌ಎಂಪಿಎಸ್, ರ್ಯಾಮ್, ಕೇಬಲ್ ಎಸ್.ಪಿ. ರೋಡಿನಿಂದ. ಕೀಬೋರ್ಡ್, ಖಾಲಿ ಫ್ಲಾಪಿ, ಬಿಡಿ ಕಾರ್ಡು ಬಜಾರಿನಿಂದ. ಆನ್‌ಲೈನ್ ನನ್ನ ಪಾಲಿಗೆ ಕೊನೆಯ ದಾರಿ. ಆದರೆ ಹೊಸಬರಿಗೆ, ಸುಮ್ನೆ ಡಾಸ್ ಆಟ ಆಡಬೇಕು ಅನ್ನುವವರಿಗೆ ನಾನು ಎಸ್.ಪಿ. ರೋಡೇ ಹೇಳುತ್ತೇನೆ. ಪೂರ್ತಿ ಯಂತ್ರ ಸಿಗುವುದು ಕಡಿಮೆಯಾದರೂ, ಸಿಕ್ಕಿದರೆ ಕಣ್ಣೆದುರು ಚಾಲೂ ಆದದ್ದನ್ನೇ ತೆಗೆದುಕೊಂಡು ಸಂಜೆಗೆ ಮನೆಗೆ ಬರಬಹುದು.

ಜಿಸ್ಟ್ ಕಾರ್ಡಿಗೆ ಇನ್ನೂ ಹುಡುಕುತ್ತಿದ್ದೇನೆ. ಅದು ಹಳೇ ಸರ್ಕಾರಿ ಕಚೇರಿ, ವಿಶ್ವವಿದ್ಯಾಲಯದ ಉಗ್ರಾಣಗಳಲ್ಲಿ ಇರಬಹುದು ಅನ್ನುವುದು ನನ್ನ ಊಹೆ. ನಿಮ್ಮ ಊರಿನಲ್ಲಿ ಪ್ರೆಸ್ಸೋ ಡಿಟಿಪಿ ಅಂಗಡಿಯೋ ಮುಚ್ಚುತ್ತಿದ್ದರೆ ದಯವಿಟ್ಟು ಗುಜರಿ ಗಾಡಿ ಬರುವ ಮೊದಲು ಹೋಗಿ ಮಾತಾಡಿ. ಯಂತ್ರ ಇಡಲು ಜಾಗ ಇಲ್ಲದಿದ್ದರೂ ಪರವಾಗಿಲ್ಲ. ಫ್ಲಾಪಿ ಡಬ್ಬ, ಜಿಪ್ ಡಿಸ್ಕು, ಪ್ರಿಂಟರ್ ಪೋರ್ಟಿನಲ್ಲಿರುವ ಲಾಕ್ ಇಷ್ಟನ್ನು ಕೇಳಿ ತೆಗೆದಿಡಿ. ನಮ್ಮ ಮಳೆಗಾಲಕ್ಕೆ ಫ್ಲಾಪಿಗಳು ಬೂಷ್ಟು ಹಿಡಿಯುತ್ತವೆ, ಆದ್ದರಿಂದ ಮನೆಗೆ ತಂದ ಮೇಲೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಅವನ್ನು ಓದಿಸಿ, ನಕಲು ತೆಗೆಯಿರಿ.